ಎತ್ತು ನೋಡಿ ವರ್ಷ ಹೇಳೋದು

ನಮ್ಮ ಮನೆಯಲ್ಲಿ 19,412 ಫೋಟೋಗಳಿದ್ದವು. ಅಂದಾಜು ಲೆಕ್ಕ ಅಲ್ಲ, ಲ್ಯಾಪ್‌ಟಾಪು ಎಣಿಸಿ ಹೇಳಿದ್ದು. ಅಂತರಘಟ್ಟೆಯಲ್ಲಿ ಅಡಿಕೆ, ರಾಗಿ, ಈರುಳ್ಳಿ ಬೆಳೆಯೋ ಒಂದು ಸಾಧಾರಣ ಮನೆಗೆ ಇಷ್ಟು ಫೋಟೋ ಎಲ್ಲಿಂದ ಬಂದವು ಅಂತ ಆಶ್ಚರ್ಯ ಪಡಬೇಡಿ. ನಿಮ್ಮ ಮನೆಯದ್ದು ಎಣಿಸಿ ನೋಡಿ, ಇದಕ್ಕಿಂತ ಜಾಸ್ತಿಯೇ ಇರ್ತವೆ. ತಮ್ಮನ ಎರಡು ಫೋನು, ಅವನ ಹೆಂಡತಿಯದ್ದು ಒಂದು, ಬೀರೂರಿಗೆ ಕೊಟ್ಟಿರೋ ಅಕ್ಕನದ್ದು ಒಂದು, ನನ್ನದೊಂದು, ಅಪ್ಪನ ಹಳೇ ಫೋನು. ಜೊತೆಗೆ ಮೂರು ಮೆಮೊರಿ ಕಾರ್ಡು, 2008ರಲ್ಲಿ ನಡೆದ ಅಕ್ಕನ ಮದುವೆಯ ಎರಡು ಸಿಡಿ, 2010ರಲ್ಲಿ ನಾನು ಮೊದಲ ಸಂಬಳದಲ್ಲಿ ಕೊಂಡ ಡಿಜಿಟಲ್ ಕ್ಯಾಮೆರಾ. ಕೊನೆಗೆ ಅಟ್ಟದ ಮೇಲಿನ ತಗಡಿನ ಟ್ರಂಕು. ಅದರೊಳಗೆ 143 ಕಾಗದದ ಫೋಟೋ.

ಇಷ್ಟನ್ನೂ ಒಂದು ಕಡೆ ಸೇರಿಸಬೇಕು ಅನ್ನೋ ಹಟ ಹುಟ್ಟಿದ್ದು ಯಾಕೆ ಅಂತ ಹೇಳಿಬಿಡ್ತೀನಿ. 2019ರ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಹಳ್ಳಿಗಳಲ್ಲಿ ಈಗ ಗೊತ್ತಲ್ಲ, ಮಣ್ಣು ಮಾಡಿ ಬರೋದರೊಳಗೆ ಫ್ಲೆಕ್ಸಿಗೆ ಫೋಟೋ ಕೇಳ್ತಾರೆ, ಆಮೇಲೆ ತಿಥಿ ಕಾರ್ಡಿಗೆ ಕೇಳ್ತಾರೆ, ಆಮೇಲೆ ಗೋಡೆಗೆ ಹಾಕೋ ಕಟ್ಟಿಗೆ ಕೇಳ್ತಾರೆ. ಎಲ್ಲರ ಫೋನೂ ಜಾಲಾಡಿದ್ವಿ. ಅಪ್ಪ ನೇರವಾಗಿ ನೋಡ್ತಿರೋ ಫೋಟೋ ಸಿಕ್ಕಿದ್ದು ಒಂದೇ ಒಂದು. ಅದೂ ಯಾರದ್ದೋ ಗೃಹಪ್ರವೇಶದ ಗುಂಪಿನಲ್ಲಿ, ವಾಟ್ಸಾಪಿನಲ್ಲಿ ಮೂರು ಕೈ ದಾಟಿ ಬಂದದ್ದು. ಪಕ್ಕದವರ ಭುಜ ಕತ್ತರಿಸಿ ಅಪ್ಪನ ಮುಖ ತೆಗೆದು ಆರಡಿ ಫ್ಲೆಕ್ಸಿಗೆ ಹಿಗ್ಗಿಸಿದರು. ಮುಖದ ತುಂಬ ಚೌಕಚೌಕ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದವರಿಗೆ ಅಪ್ಪ ಅಂತ ಗುರುತು ಸಿಕ್ಕಿದ್ದು ಕೆಳಗೆ ಬರೆದಿದ್ದ ಹೆಸರಿನಿಂದ.

ಅವ್ವ ಏನೂ ಅನ್ನಲಿಲ್ಲ. ತಿಂಗಳಾದ ಮೇಲೆ ಮೆಲ್ಲಗೆ ಹೇಳಿದಳು: "ನಂದೊಂದು ಒಳ್ಳೇ ಫೋಟೋ ಈಗಲೇ ತೆಗೆದು ಇಟ್ಟಿರಪ್ಪ."

ಸರಿ, ಕೆಲಸದ ವಿಷಯಕ್ಕೆ ಬರೋಣ. ಮೊದಲ ನಿಯಮ ಏನಪ್ಪಾ ಅಂದ್ರೆ, ಯಾವುದನ್ನೂ ಅಳಿಸದೆ ಎಲ್ಲವನ್ನೂ ಒಂದೇ ಹಾರ್ಡ್ ಡಿಸ್ಕಿಗೆ ಸುರಿದುಕೊಳ್ಳೋದು. ಆರಿಸೋದು, ಬಿಸಾಡೋದು ಆಮೇಲೆ. ಅಕ್ಕನ ಮದುವೆಯ ಸಿಡಿಗಳಲ್ಲಿ ಒಂದು ಓದಿತು, ಇನ್ನೊಂದು ತಿರುಗಿ ತಿರುಗಿ ಸುಮ್ಮನಾಯಿತು. ಮನೆಯಲ್ಲಿ, ಸ್ಟುಡಿಯೋಗಳಲ್ಲಿ ಬರೆಯುವ ಸಿಡಿಯೊಳಗೆ ಒಂದು ಬಣ್ಣದ ಪದರ ಇರುತ್ತೆ, ಬಿಸಿಲು ಸೆಖೆಗೆ ಅದು ವರ್ಷಗಳು ಕಳೆದಂತೆ ಕೆಡುತ್ತೆ. ನಿಮ್ಮ ಬೀರುವಿನಲ್ಲಿ ಮದುವೆ ಸಿಡಿ ಇದ್ದರೆ ಈ ಲೇಖನ ಇಲ್ಲಿಗೇ ನಿಲ್ಲಿಸಿ ಮೊದಲು ಅದನ್ನ ಕಾಪಿ ಮಾಡಿಕೊಳ್ಳಿ.

ಎರಡನೆಯದು, ಒಂದೇ ಫೋಟೋ ಹತ್ತು ಕಡೆ ಇರೋದನ್ನ ಹುಡುಕೋದು. ಪ್ರತಿ ಫೈಲಿಗೂ ಹೆಬ್ಬೆಟ್ಟಿನ ಗುರುತಿನ ಹಾಗೆ ಒಂದು ಉದ್ದದ ಸಂಖ್ಯೆ ಲೆಕ್ಕ ಹಾಕಬಹುದು. ನಾವು ಅದಕ್ಕೆ ಹ್ಯಾಶ್ ಅಂತೀವಿ. ಎರಡು ಫೈಲಿನ ಹ್ಯಾಶ್ ಒಂದೇ ಆಗಿದ್ದರೆ ಎರಡೂ ಒಂದೇ ಫೋಟೋ ಅಂತ ಧೈರ್ಯವಾಗಿ ಒಂದನ್ನ ತೆಗೀಬಹುದು. ಆದರೆ ವಾಟ್ಸಾಪಿನಲ್ಲಿ ಫೋಟೋವಾಗಿ ಕಳಿಸಿದ್ದಕ್ಕೆ ಇದು ನಡೆಯಲ್ಲ. ಅದು ಚಿತ್ರವನ್ನ ಕುಗ್ಗಿಸಿ, ಯಾವ ದಿನ ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಅನ್ನೋ ಒಳಗಿನ ವಿವರವನ್ನ ತೆಗೆದುಹಾಕಿ ಕಳಿಸುತ್ತೆ. ಅಲ್ಲಿಗೆ ಅದು ಬೇರೆಯೇ ಫೈಲು. ಅದರ ಹೆಸರಿನಲ್ಲಿ ಕಾಣೋ ತಾರೀಕು ಕೂಡ ನಮ್ಮ ಫೋನಿಗೆ ಬಂದ ದಿನದ್ದು, ಫೋಟೋ ತೆಗೆದ ದಿನದ್ದಲ್ಲ. ಹಾಗಾಗಿ ಮನೆಯವರಿಗೆ ಫೋಟೋ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ, ಇದ್ದದ್ದು ಇದ್ದ ಹಾಗೇ ಹೋಗುತ್ತೆ.

ಈ ಜರಡಿಯಲ್ಲಿ ಹಿಡಿದ ಮೇಲೆ 19 ಸಾವಿರ ಹೋಗಿ 8 ಸಾವಿರಕ್ಕೆ ಇಳಿಯಿತು. ಗುಲಾಬಿ ಹೂವಿನ ಶುಭೋದಯಗಳು ಹೋದ ಮೇಲೆ 6 ಸಾವಿರ. ಉಳಿದದ್ದರಲ್ಲಿ ಫೋಟೋಗಳಲ್ಲದ ಫೋಟೋಗಳೇ ಎಷ್ಟೋ. ಪಹಣಿ, ಈರುಳ್ಳಿ ಮಂಡಿಯ ಚೀಟಿ, ಬೋರ್‌ವೆಲ್ ಸ್ಟಾರ್ಟರಿನ ಒಳಗಿನ ವೈರುಗಳು, ಅವ್ವನ ಬಿಪಿ ಮಾತ್ರೆಯ ಹಾಳೆ. ಸ್ಟಾರ್ಟರಿನದ್ದು ಅಳಿಸೋಣ ಅಂತ ಹೋದರೆ ತಮ್ಮ ಕೈ ಹಿಡಿದ. "ಅಣ್ಣ, ಯಾವ ವೈರು ಎಲ್ಲಿಗೆ ಅಂತ ಅದರಲ್ಲೇ ಇರೋದು. ನಿನ್ನ ಮುಖ ಬೇಕಾದ್ರೆ ಅಳಿಸು, ಅದನ್ನ ಬಿಡು." ಅವಕ್ಕೆ 'ಕಾಗದಪತ್ರ' ಅಂತ ಬೇರೆ ಫೋಲ್ಡರು ಆಯಿತು.

ನಿಜವಾದ ಕಷ್ಟ ಶುರುವಾಗಿದ್ದು ತಾರೀಕಿನಲ್ಲಿ. ನಾನು ಫೋಲ್ಡರುಗಳಿಗೆ ವರ್ಷ, ತಿಂಗಳು, ದಿನ, ಆಮೇಲೆ ಸಂದರ್ಭ ಅಂತ ಹೆಸರಿಟ್ಟಿದ್ದೆ. ಹಾಗಿಟ್ಟರೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ತಾವೇ ಸಾಲಾಗಿ ನಿಲ್ಲುತ್ತವೆ. ಆದರೆ ಒಂದು ಮೆಮೊರಿ ಕಾರ್ಡಿನ 212 ಫೋಟೋಗಳೂ 2000ದ ಜನವರಿ 1ನೇ ತಾರೀಕಿನವು! ಬ್ಯಾಟರಿ ಪೂರಾ ಇಳಿದು ಬಹಳ ದಿನ ಬಿದ್ದಿದ್ದ ಕ್ಯಾಮೆರಾ ತನ್ನ ಗಡಿಯಾರವನ್ನ ಮರೆತಿತ್ತು. ಅದರ ಪ್ರಕಾರ ನಮ್ಮೂರ ಜಾತ್ರೆಯ ಸುಡುಬಿಸಿಲು ನಡುರಾತ್ರಿ 2 ಗಂಟೆಯದ್ದು.

ನಮ್ಮೂರ ಜಾತ್ರೆ ಗೊತ್ತಿಲ್ಲದವರಿಗೆ ಒಂದು ಮಾತು. ಊರ ದೇವತೆ ದುರ್ಗಾಂಬೆ, ಜನರ ಬಾಯಲ್ಲಿ ಅಂತರಘಟ್ಟಮ್ಮ. ಫೆಬ್ರವರಿ ಹೊತ್ತಿಗೆ ಜಾತ್ರೆ. ಸುತ್ತಿನ ಹಳ್ಳಿಗಳಿಂದ ಸಿಂಗರಿಸಿದ ಎತ್ತಿನ ಗಾಡಿಗಳು ಬರ್ತವೆ. ಪಾನಕದ ಗಾಡಿ ಅಂತಲೇ ಅವಕ್ಕೆ ಹೆಸರು. ಟ್ರ್ಯಾಕ್ಟರು ಬಂದ ಮೇಲೂ ಬರೀ ಈ ಗಾಡಿಗೋಸ್ಕರ ಎತ್ತು ಸಾಕೋ ಮನೆಗಳಿವೆ. ಅಪ್ಪನದ್ದೂ ಅಂಥದೇ ಹುಚ್ಚು.

ಜಾತ್ರೆಯ ಫೋಟೋಗಳನ್ನ ಪರದೆ ಮೇಲೆ ದೊಡ್ಡದು ಮಾಡಿ ಅವ್ವನಿಗೆ ತೋರಿಸಿದೆ. ಯಾವ ವರ್ಷ ಇರಬಹುದು ಅಂತ ಕೇಳಿದೆ. ಅವಳು ಜನರ ಮುಖ ನೋಡಲೇ ಇಲ್ಲ, ಎತ್ತು ನೋಡಿದಳು. "ಇವು ಅಜ್ಜಂಪುರದ ಹರಾಜಿನಾಗೆ ತಂದಿದ್ದ ಹೋರಿಗಳು ಕಣಪ್ಪ. ಕರು ತಂದ ವರ್ಷ ಅಲ್ಲ, ಮರುವರ್ಷ ಅಲ್ಲ, ಅದರ ಆಚೆ ವರ್ಷ. ಮೊದಲನೇ ಸಲ ಗಾಡಿಗೆ ಕಟ್ಟಿದ್ದು. ನೋಡು, ಎಡಗಡೇದು ಇನ್ನೂ ಬೆದರ್ತಾ ಐತೆ."

ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿಯ ಸಂವರ್ಧನಾ ಕೇಂದ್ರ ಇದೆ. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ', ಟಿಪ್ಪುವಿನ ಕಾಲಕ್ಕೆ 'ಅಮೃತ ಮಹಲ್' ಅಂತ ಹೆಸರು ಪಡೆದ ತಳಿ ಅದು. ಅಲ್ಲಿ ಹೋರಿಕರುಗಳನ್ನ ಹರಾಜು ಹಾಕ್ತಾರೆ. ಅಪ್ಪ ಕೂಗಿ ಹಿಡಿದಿದ್ದ ಜೋಡಿಯ ರಸೀದಿ ಎಲ್ಲಿತ್ತು ಹೇಳಿ? ಅದೇ ಟ್ರಂಕಿನಲ್ಲಿ, ಫೋಟೋಗಳ ಅಡಿಯಲ್ಲಿ. 2009. ಅಂದ್ರೆ ಜಾತ್ರೆ 2011ರದ್ದು. ಫಿಲ್ ಹಾರ್ವೆ ಅನ್ನೋರು ಬರೆದ, ಪುಕ್ಕಟೆ ಸಿಗೋ ಎಕ್ಸಿಫ್‌ಟೂಲ್ ಅನ್ನೋ ತಂತ್ರಾಂಶ ಇದೆ. ಒಂದು ಫೋಟೋದ ಸರಿಯಾದ ಸಮಯ ಗೊತ್ತಾದರೆ ಸಾಕು, ಎಷ್ಟು ವ್ಯತ್ಯಾಸವೋ ಅಷ್ಟನ್ನೂ ಉಳಿದ 211ಕ್ಕೆ ಒಂದೇ ಏಟಿಗೆ ಸೇರಿಸುತ್ತೆ. ನನ್ನ ತಂತ್ರಾಂಶ ಮಾಡಿದ್ದು ಕೂಡುವ ಲೆಕ್ಕ. ವರ್ಷ ಹೇಳಿದ್ದು ಅವ್ವ.

ಆ 212ರಲ್ಲೇ ಅಪ್ಪ ಸಿಕ್ಕರು. ನೊಗದ ಪಕ್ಕ ಹಗ್ಗ ಹಿಡಿದು, ತಲೆಗೆ ಟವೆಲ್ ಸುತ್ತಿ, ಯಾರೋ ಏನೋ ಅಂದದ್ದಕ್ಕೆ ನಗ್ತಾ ಕ್ಯಾಮೆರಾ ಕಡೆ ತಿರುಗಿದ್ದಾರೆ. ಕುಗ್ಗಿಸದ, ಮೂಲ ಫೈಲು. ಎಷ್ಟು ಹಿಗ್ಗಿಸಿದರೂ ಹಣೆಯ ಬೆವರು ಬೆವರಾಗೇ ಇದೆ. ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ ತಂದೆ. ಗೋಡೆಯ ಮೇಲಿದ್ದ ಚೌಕಚೌಕದ ಫೋಟೋ ಇಳಿಸೋಕೆ ಹೋದರೆ ಅವ್ವ ಬೇಡ ಅಂದಳು. "ಇಷ್ಟು ವರ್ಷ ಹೂ ಇಟ್ಟೀನಿ ಅದಕ್ಕೆ. ಅದೂ ಇರಲಿ." ಈಗ ಎರಡೂ ಇವೆ.

ಇನ್ನು ಕಾಪಾಡೋ ವಿಚಾರ. ಪೀಟರ್ ಕ್ರೋ ಅನ್ನೋ ಅಮೆರಿಕದ ಛಾಯಾಗ್ರಾಹಕ ಪ್ರಚಾರಕ್ಕೆ ತಂದ 3-2-1 ಅನ್ನೋ ಸೂತ್ರ ಇದೆ. ಮೂರು ಪ್ರತಿ ಇರಬೇಕು, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ ಇರಬೇಕು, ಒಂದು ಮನೆಯಿಂದ ಹೊರಗಿರಬೇಕು. ನಮ್ಮ ಮನೆಗೆ ಹೀಗೆ ಹೊಂದಿಸಿಕೊಂಡಿದ್ದೀವಿ: ಒಂದು ಹಾರ್ಡ್ ಡಿಸ್ಕು ಊರಿನಲ್ಲಿ ತಮ್ಮನ ಬೀರುವಿನಲ್ಲಿ, ಒಂದು ಬೆಂಗಳೂರಿನಲ್ಲಿ ನನ್ನ ಹತ್ರ, ಮೂರನೆಯದು ಕ್ಲೌಡಿನಲ್ಲಿ. ಊರಿನ ಡಿಸ್ಕನ್ನ ಕೆಲಸ ಮುಗಿದ ತಕ್ಷಣ ಬಿಚ್ಚಿಡಬೇಕು. ಗುಡುಗು ಸಿಡಿಲಿನ ಹೊತ್ತಲ್ಲಿ ಪ್ಲಗ್ಗಿನಲ್ಲಿ ನೇತಾಡೋ ಡಿಸ್ಕು ಇದ್ದೂ ಇಲ್ಲದ ಲೆಕ್ಕ. ವರ್ಷಕ್ಕೊಂದು ಸಲ, ಜಾತ್ರೆಗೆ ಎಲ್ಲರೂ ಸೇರಿದಾಗ, ಎರಡೂ ಡಿಸ್ಕು ಹಚ್ಚಿ ತೆರೆದು ನೋಡ್ತೀವಿ. ಹೊಸದನ್ನ ಸೇರಿಸ್ತೀವಿ. ಸುಮ್ಮನೆ ಬೀರುವಿನಲ್ಲಿಟ್ಟು ಹತ್ತು ವರ್ಷದ ಮೇಲೆ ತೆಗೆದರೆ ಅದು ಎದ್ದೇಳುತ್ತೆ ಅನ್ನೋ ಖಾತ್ರಿ ಯಾರೂ ಕೊಡಲ್ಲ.

"ಫೋನಿನಲ್ಲಿ ತಾನೇ ಬ್ಯಾಕಪ್ ಆಗ್ತಿದೆಯಲ್ಲ" ಅಂತೀರಾ? ಗೂಗಲ್ ಫೋಟೋಸ್ 2015ರಲ್ಲಿ ಬಂದಾಗ ಸ್ವಲ್ಪ ಕುಗ್ಗಿಸಿದ ಫೋಟೋಗಳನ್ನ ಎಷ್ಟು ಬೇಕಾದರೂ ಪುಕ್ಕಟೆ ಇಟ್ಟುಕೊಳ್ತಿತ್ತು. 2021ರ ಜೂನ್ 1ರಿಂದ ಅದು ನಿಂತಿದೆ, ಈಗ ಮೇಲ್ ಎಲ್ಲ ಸೇರಿ 15 ಜಿಬಿ ಮಾತ್ರ ಪುಕ್ಕಟೆ. ಇನ್ನೊಂದು, ಬ್ಯಾಕಪ್ ಆದ ಫೋಟೋವನ್ನ ಆ ಆಪಿನಲ್ಲಿ ಅಳಿಸಿದರೆ ಫೋನಿನಲ್ಲೂ ಅಳಿಯುತ್ತೆ, ಮೇಲೂ ಅಳಿಯುತ್ತೆ. ಜೋಡಿಸಿಡೋದು ಬೇರೆ, ಕಾಪಾಡೋದು ಬೇರೆ. ಎರಡು ವರ್ಷ ಯಾರೂ ತೆರೆಯದ ಖಾತೆಗಳನ್ನ ಅಳಿಸುವ ನಿಯಮವೂ ಬಂದಿದೆ. ಹಿರಿಯರು ಹೋದ ಮೇಲೆ ಅವರ ಫೋನು ಸ್ವಿಚ್ ಆಫ್ ಮಾಡಿ ಎತ್ತಿಡೋದು ನಮ್ಮ ಪದ್ಧತಿ. ಎತ್ತಿಡೋ ಮುಂಚೆ ಒಳಗಿರೋದನ್ನ ಇಳಿಸಿಕೊಳ್ಳಿ. ನಿಮ್ಮ ಖಾತೆ ನಿಷ್ಕ್ರಿಯವಾದರೆ ಯಾರಿಗೆ ಹೋಗಬೇಕು ಅಂತ ಹೆಸರು ಸೂಚಿಸೋ ವ್ಯವಸ್ಥೆಯೂ ಅದರ ಸೆಟ್ಟಿಂಗಿನಲ್ಲೇ ಇದೆ. ಜಮೀನಿಗೆ ಪೌತಿ ಖಾತೆ ಮಾಡಿಸೋ ಹಾಗೆ ಅಂದುಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ಮುಗೀತು ಅಂದುಕೊಂಡಿದ್ದೆ. ಆಗ ಮುಖ ಗುರುತಿಸೋ ತಂತ್ರಾಂಶ ಓಡಿಸಿದೆ. ಒಂದೇ ಮುಖದ ಫೋಟೋಗಳನ್ನೆಲ್ಲ ಅದು ಗುಡ್ಡೆ ಹಾಕುತ್ತೆ, ಹೆಸರು ನಾವು ಕೊಡಬೇಕು. ಅಕ್ಕನ ಮಗಳ ಗುಡ್ಡೆಯಲ್ಲಿ ಒಂದು ಕಪ್ಪುಬಿಳುಪು ಫೋಟೋ ಬಂದು ಕೂತಿತ್ತು. ಟ್ರಂಕಿನ ತಳದಲ್ಲಿ, ಬಟ್ಟೆ ಸುತ್ತಿ ಇಟ್ಟಿದ್ದ ಸ್ಟುಡಿಯೋ ಫೋಟೋ ಅದು. ಎರಡು ಜಡೆ, ಲಂಗ ದಾವಣಿ. ಪಕ್ಕದಲ್ಲಿ ಒಬ್ಬ ಹುಡುಗ. ಇಬ್ಬರೂ ಒಬ್ಬರೇನಾ ಅಂತ ಯಂತ್ರ ನನ್ನನ್ನ ಕೇಳ್ತಿದೆ. ಅಕ್ಕನ ಮಗಳಿಗೆ ಈಗ ಹದಿನಾಲ್ಕು. ಫೋಟೋಗೆ ಐವತ್ತು ವರ್ಷ.

ಅವ್ವನಿಗೆ ಗೊತ್ತಿರಲಿಲ್ಲ, ಅವಳು ಈ ಮನೆಗೆ ಬಂದದ್ದೇ ಆಮೇಲೆ. ದೊಡ್ಡವ್ವನ ಹತ್ರ ಲ್ಯಾಪ್‌ಟಾಪು ಒಯ್ದೆ. ದೊಡ್ಡವ್ವನಿಗೆ ಎಂಬತ್ತೆರಡು. ಕನ್ನಡಕ ಏರಿಸಿ, ಇಳಿಸಿ, ಪರದೆಯನ್ನ ಬೆರಳಿಂದ ಮುಟ್ಟಿ ಒಂದು ಹೆಸರು ಹೇಳಿದಳು. ಆ ಹೆಸರನ್ನ ನಮ್ಮ ಮನೆಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ.

"ನಿಮ್ಮಪ್ಪನ ತಂಗಿ. ನಿಮಗೆ ಅತ್ತೆ ಆಗಬೇಕು. ಜ್ವರ ಬಂದು ಮೂರೇ ದಿನಕ್ಕೆ ಹೋದಳು. ನಿಮ್ಮಜ್ಜಿ ಫೋಟೋ ಯಾರ ಕಣ್ಣಿಗೂ ಬೀಳಬಾರದು ಅಂತ ಸುತ್ತಿಟ್ಟುಬಿಟ್ಟಿತು. ನಿಮ್ಮಪ್ಪ ಆ ಹೆಸರು ಎತ್ತಿದ್ದು ನಾನು ಕೇಳಿಲ್ಲ."

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಫೋಟೋ ಡಾಕ್ಯುಮೆಂಟ್ ಆಗಿ ಕಳಿಸು" ಅಂದಳು.

2011ರ ಸುನಾಮಿ ಆದಮೇಲೆ ಜಪಾನಿನ ಯಮಮೋಟೊ ಅನ್ನೋ ಊರಲ್ಲಿ ಕೆಸರಿನಿಂದ ಸುಮಾರು 7.5 ಲಕ್ಷ ಫೋಟೋ ಆರಿಸಿ, ಸ್ವಯಂಸೇವಕರು ಒಂದೊಂದೇ ತೊಳೆದು ಒಣಗಿಸಿದರಂತೆ. ಆಮೇಲೆ ಜನ ಬಂದು ಇದು ನಮ್ಮದು, ಇವರು ನಮ್ಮವರು ಅಂತ ಗುರುತಿಸಬೇಕಿತ್ತು. ತೊಳೆಯೋ ಕೆಲಸ ಯಾರು ಬೇಕಾದರೂ ಮಾಡಬಹುದು. ಗುರುತಿಸೋದು ಹಾಗಲ್ಲ. ನಮ್ಮ ಮನೆಯ ಫೈಲುಗಳಿಗೆ ಮೂರು ಪ್ರತಿ ಇವೆ. ಆ ಹುಡುಗಿಯ ಹೆಸರಿಗೆ ಇದ್ದದ್ದು ಒಂದೇ ಪ್ರತಿ, ಎಂಬತ್ತೆರಡು ವರ್ಷದ ದೊಡ್ಡವ್ವನ ತಲೆಯಲ್ಲಿ.

ಹಾಗಾಗಿ ಈಗ ಕೆಲಸದ ಕ್ರಮ ತಿರುಗಿಸಿದ್ದೀನಿ. ಮೊದಲು ಹೆಸರು, ಆಮೇಲೆ ಉಳಿದದ್ದು. ಕಾಗದದ ಫೋಟೋ ಹಿಂದೆ ಬಾಲ್‌ಪೆನ್ನಿಂದ ಒತ್ತಿ ಬರೆಯಬಾರದು, ಮುಂದೆ ಗೆರೆ ಮೂಡುತ್ತೆ. ಮೆತ್ತನೆ ಪೆನ್ಸಿಲಿನಿಂದ ಅಂಚಿನಲ್ಲಿ ನಂಬರು ಹಾಕಿ, ಹೆಸರುಗಳನ್ನ ಒಂದು ನೋಟ್‌ಬುಕ್ಕಿನಲ್ಲಿ ಎಡದಿಂದ ಬಲಕ್ಕೆ ಬರೆದಿದ್ದೀನಿ. ಡಿಜಿಟಲ್ ಫೋಟೋದ ಒಳಗೇ ವಿವರ ಬರೆಯೋ ಜಾಗ ಇದೆ, ಕನ್ನಡದಲ್ಲೇ ಬರೆಯಬಹುದು, ಫೈಲು ಎಲ್ಲಿಗೆ ಹೋದರೂ ಜೊತೆಗೆ ಹೋಗುತ್ತೆ. ದೊಡ್ಡವ್ವ ಮಾತಾಡೋದನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ ಅದೇ ಫೋಲ್ಡರಿನಲ್ಲಿ ಇಟ್ಟಿದ್ದೀನಿ. ಅತ್ತೆಯ ಹೆಸರು ಇಲ್ಲಿ ಬರೆಯಲ್ಲ. ಅದು ಇರಬೇಕಾದ ಕಡೆ ಇದೆ, ಮೂರು ಪ್ರತಿ.

ಟ್ರಂಕಿನ 143ರಲ್ಲಿ ಇನ್ನೂ 31 ಮುಖಗಳಿಗೆ ಹೆಸರಿಲ್ಲ. ಅತ್ತೆಯ ಪಕ್ಕ ನಿಂತಿರೋ ಹುಡುಗ ಯಾರು ಅಂತ ದೊಡ್ಡವ್ವನಿಗೂ ಗೊತ್ತಿಲ್ಲ. ತರೀಕೆರೆಯಲ್ಲಿ ಅಜ್ಜಿಯ ತಂಗಿ ಒಬ್ಬರಿದ್ದಾರೆ, ತೊಂಬತ್ತು ದಾಟಿದೆ, ಕಣ್ಣು ಮಂಜು ಆದರೆ ನೆನಪು ಗಟ್ಟಿ ಅಂತಾರೆ. ಅಷ್ಟೂ ಫೋಟೋಗಳನ್ನ ಒಂದೊಂದು ಹಾಳೆಗೆ ಒಂದೊಂದರಂತೆ ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದೀನಿ. ಈ ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಅವ್ವನೂ ಬರ್ತೀನಿ ಅಂದಿದ್ದಾಳೆ.