ಚಾಮುಂಡಿಬೆಟ್ಟದ ಮೆಟ್ಟಿಲುಗಳ ಮೇಲೆ

ನಮ್ಮ ನಾಡಿನಲ್ಲಿ ಬೆಟ್ಟಕ್ಕೂ ಭಕ್ತಿಗೂ ಇರುವ ನಂಟು ಬಹಳ ಹಳೆಯದು. ಶಿವಗಂಗೆ, ಸಿದ್ಧಗಂಗೆ, ಮಲೆಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟ, ಶ್ರವಣಬೆಳಗೊಳ ಎಂದು ಹೆಸರಿಸುತ್ತ ಹೋದರೆ ಪಟ್ಟಿ ಮುಗಿಯದು. ಪಂಥಗಳು ಬೇರೆಯಾದರೂ ನಮ್ಮ ಹಿರಿಯರೆಲ್ಲರೂ ಎತ್ತರದ ನೆಲೆಯೊಂದನ್ನು ಆರಿಸಿಕೊಂಡರು. ಅಲ್ಲಿಗೆ ಊರಿಗೆ ಊರೇ ಕೂಡಿ ನಡೆದು ಹೋಗುವ ರೂಢಿಯನ್ನೂ ಬೆಳೆಸಿದರು. ಮೋಟಾರು ರಸ್ತೆಗಳಾದ ಮೇಲೆ ಬೆಟ್ಟ ಹತ್ತಿರವಾಯಿತು, ಆದರೆ ಕೂಡಿ ನಡೆಯುವ ಆ ರೂಢಿ ದೂರವಾಯಿತು. ಅದನ್ನು ಮರಳಿ ಪಡೆಯುವುದು ಕಷ್ಟವೇನಲ್ಲ. ಒಂದು ಮುಂಜಾವು, ನಾಲ್ಕಾರು ಮಂದಿ ಸಜ್ಜನ ಮಿತ್ರರು, ಅವಸರವಿಲ್ಲದ ಮನಸ್ಸು ಇಷ್ಟಿದ್ದರೆ ಸಾಕು.

ಇದಕ್ಕೆ ಮೈಸೂರಿನ ಚಾಮುಂಡಿಬೆಟ್ಟಕ್ಕಿಂತ ಅನುಕೂಲವಾದ ಸ್ಥಳ ಅಪರೂಪ. ಸಮುದ್ರಮಟ್ಟದಿಂದ ಇದರ ಎತ್ತರ ಸುಮಾರು 3,500 ಅಡಿ. ನಗರವೇ ಸುಮಾರು 2,500 ಅಡಿಗಳ ಎತ್ತರದಲ್ಲಿರುವುದರಿಂದ ಪಾದಚಾರಿಯು ಏರಬೇಕಾದುದು ಸುಮಾರು 1,000 ಅಡಿಗಳು ಮಾತ್ರ. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರು ಈ ಕಲ್ಲಿನ ಸೋಪಾನವನ್ನು ಕಟ್ಟಿಸಿದರು. ಮೆಟ್ಟಿಲುಗಳು ಒಂದು ಸಾವಿರದ ಎಂಟು ಎಂಬುದು ಜನರ ಮಾತು. ಬೆಟ್ಟದ ತಪ್ಪಲಿನಲ್ಲಿ ಸುತ್ತೂರು ಶ್ರೀಮಠವಿದೆ. ಅದರ ದರ್ಶನ ಮಾಡಿಕೊಂಡು ಮೆಟ್ಟಿಲ ಕಡೆಗೆ ನಡೆಯುವವರೂ ಉಂಟು.

ಕಳೆದ ಕಾರ್ತಿಕದ ಒಂದು ಭಾನುವಾರ ನಾವು ಒಂಬತ್ತು ಮಂದಿ ಬೆಳಗಿನ ಆರು ಗಂಟೆಗೆ ಪಾದದ ಬಳಿ ಸೇರಿದೆವು. ನಾಲ್ವರು ವಿದ್ಯಾರ್ಥಿದೆಸೆಯಲ್ಲಿ ಮಠದ ಪ್ರಸಾದನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಉಂಡು ಓದಿದವರು; ಇಬ್ಬರು ಗೃಹಿಣಿಯರು; ಮೂವರು ಮೊಮ್ಮಕ್ಕಳು. ನಮ್ಮಲ್ಲಿ ಹಿರಿಯರಾದ ಮಿತ್ರರೊಬ್ಬರು ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿ ನಿವೃತ್ತರಾದವರು. ಹಿಂದಿನ ವರ್ಷ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿತ್ತು. ನಿಧಾನವಾಗಿ, ದಣಿವಾಗದಷ್ಟು ಮಟ್ಟಿಗೆ ಹತ್ತಬಹುದೆಂದು ವೈದ್ಯರು ಅನುಮತಿ ಕೊಟ್ಟಿದ್ದರೂ, ಆ ಒಂದು ವರ್ಷದಲ್ಲಿ ಅವರು ಮನೆಯ ಹೊಸ್ತಿಲು ದಾಟಿದ್ದೇ ಕಡಿಮೆ. ಅವರನ್ನು ಹೊರಡಿಸಲು ಮನೆಯವರೆಲ್ಲ ಹೇಳಬೇಕಾಯಿತು.

ಈ ಬೆಟ್ಟದಲ್ಲಿ ಮೊದಲ ಮೆಟ್ಟಿಲುಗಳೇ ಕಡಿದು. ನೂರು ಮೆಟ್ಟಿಲು ಏರುವಷ್ಟರಲ್ಲಿ ಮಕ್ಕಳು ಕಣ್ಮರೆಯಾದರು. ಮೇಷ್ಟರು ಅಂಚಿನ ಕಟ್ಟೆಯ ಮೇಲೆ ಕುಳಿತು, “ನೀವೆಲ್ಲ ಮುಂದೆ ನಡೆಯಿರಿ ಸ್ವಾಮಿ. ನನ್ನಿಂದ ನಿಮಗೆ ತಡ. ನಾನು ಇಲ್ಲಿಂದಲೇ ಇಳಿದು ಹೋಗುತ್ತೇನೆ,” ಎಂದರು. ಅವರಿಗೆ ಎದೆ ನೋವಿರಲಿಲ್ಲ, ಉಸಿರೂ ಕಟ್ಟಿರಲಿಲ್ಲ. ಅವರನ್ನು ಬಾಧಿಸುತ್ತಿದ್ದುದು, ತಾನು ಇತರರಿಗೆ ಹೊರೆಯಾದೆನೆಂಬ ಸಂಕೋಚ.

ಆಗ ನಮ್ಮ ಪೈಕಿ ಒಬ್ಬರು ಪ್ರಸಾದನಿಲಯದ ನಿಯಮವನ್ನು ನೆನಪಿಸಿದರು. ಪಂಕ್ತಿಯಲ್ಲಿ ಕೊನೆಯವರು ಉಂಡು ಮುಗಿಸುವವರೆಗೆ ಮೊದಲಿನವರು ಏಳುವಂತಿರಲಿಲ್ಲ. ನಿಧಾನವಾಗಿ ಉಣ್ಣುವ ಹುಡುಗನಿಗೆ ಯಾರೂ ಅವಸರ ಮಾಡುತ್ತಿರಲಿಲ್ಲ. ಅವನ ಎಲೆಯನ್ನು ನೋಡುತ್ತ ಕೂರುತ್ತಲೂ ಇರಲಿಲ್ಲ. ಬೆಟ್ಟಕ್ಕೂ ಅದೇ ನಿಯಮವಿರಲೆಂದು ತೀರ್ಮಾನವಾಯಿತು. ಮಕ್ಕಳನ್ನು ಕೂಗಿ ಕರೆದು ಮೇಷ್ಟರನ್ನೇ ಎಲ್ಲರಿಗಿಂತ ಮುಂದೆ ನಡೆಸಿದೆವು. ಅವರು ನಿಂತಾಗ ಎಲ್ಲರೂ ನಿಲ್ಲುವುದು, ಅವರು ನಡೆದಾಗ ನಡೆಯುವುದು. ನಿಧಾನವಾಗಿ ನಡೆಯುವವರು ಹಿಂದಿದ್ದರೆ ಅವರು ಬಂದು ಮುಟ್ಟುವಷ್ಟರಲ್ಲಿ ವಿಶ್ರಮಿಸಿದವರು ಎದ್ದುಬಿಡುತ್ತಾರೆ. ಆಗ ವಿಶ್ರಾಂತಿ ಹೆಚ್ಚು ಬೇಕಾದವರಿಗೇ ಅದು ದೊರೆಯದೆ ಹೋಗುತ್ತದೆ. ಅವರನ್ನು ಮುಂದಿಟ್ಟರೆ ಈ ಅನ್ಯಾಯವಿಲ್ಲ.

ನಡಿಗೆ ನಿಧಾನವಾದುದರಿಂದ ಕಣ್ಣಿಗೆ ಅನೇಕ ಸಂಗತಿಗಳು ಬಿದ್ದವು. ಹರಕೆ ಹೊತ್ತ ತಾಯಿಯೊಬ್ಬರು ಪ್ರತಿ ಮೆಟ್ಟಿಲಿಗೂ ಬಾಗಿ ಅರಿಶಿನ ಕುಂಕುಮ ಹಚ್ಚುತ್ತ ಏರುತ್ತಿದ್ದರು. ಮಂಜು ಕರಗಿದಂತೆ ಅರಮನೆಯ ಗೋಪುರಗಳೂ, ಕಾರಂಜಿ ಕೆರೆಯೂ, ಲಲಿತಮಹಲಿನ ಬಿಳಿಯ ಗುಮ್ಮಟವೂ ಒಂದೊಂದಾಗಿ ತೋರಿದವು. ಮಕ್ಕಳಿಬ್ಬರು ಮೆಟ್ಟಿಲುಗಳನ್ನು ಎಣಿಸುತ್ತಿದ್ದರು. ಇಬ್ಬರ ಲೆಕ್ಕವೂ ಕೂಡದೆ ಜಗಳವಾಯಿತು. “ಲೆಕ್ಕ ತಪ್ಪಿದವರು ಮುಂದಿನ ಭಾನುವಾರ ಮತ್ತೆ ಬಂದು ಎಣಿಸಬೇಕು,” ಎಂದು ಮೇಷ್ಟರು ತೀರ್ಪಿತ್ತರು. ಒಂದು ವರ್ಷದಿಂದ ಕೇಳದಿದ್ದ ಶಾಲೆಯ ದನಿ ಅದು!

ಸುಮಾರು ಏಳುನೂರನೆಯ ಮೆಟ್ಟಿಲಿನ ಬಳಿ ನಂದಿಯ ಸನ್ನಿಧಿ. ದೊಡ್ಡ ದೇವರಾಜ ಒಡೆಯರ ಕಾಲದ್ದೇ ಆದ ಈ ಏಕಶಿಲಾ ವಿಗ್ರಹ ಸುಮಾರು 16 ಅಡಿ ಎತ್ತರ, 25 ಅಡಿ ಉದ್ದವಿದೆ. ಕೊರಳಿನ ಗಂಟೆಗಳೂ ಸರಗಳೂ ಕಲ್ಲಿನಲ್ಲಿಯೇ ಕಂಡರಿಸಿದವು. ತಲೆಮಾರುಗಳ ಎಣ್ಣೆಯ ಸೇವೆಯಿಂದ ಕಪ್ಪಗೆ ಮಿನುಗುವ ಮೈ. ಸಮೀಪದಲ್ಲಿ ಗುಹೆಯೊಳಗೆ ಶಿವನ ಪುಟ್ಟ ಗುಡಿ. ಕಾರ್ತಿಕದಲ್ಲಿ ಈ ನಂದಿಗೆ ಮಹಾಭಿಷೇಕ ನಡೆಯುತ್ತದೆ.

ಅಲ್ಲಿ ಮೇಷ್ಟರು, “ನನ್ನ ಪಾಲಿಗೆ ಇಂದು ಇಷ್ಟು ಸಾಕು,” ಎಂದರು. ಈ ಬಾರಿ ಅವರ ಮಾತಿನಲ್ಲಿ ಸಂಕೋಚವಿರಲಿಲ್ಲ. ತನ್ನ ಶಕ್ತಿಯ ಅಳತೆಯನ್ನು ತಾನೇ ಬಲ್ಲವನ ಸಮಾಧಾನವಿತ್ತು. ಆದರೆ ಮಕ್ಕಳ ಮುಖ ಬಾಡಿತು. ತುದಿ ಮುಟ್ಟದೆ ಹಿಂದಿರುಗುವುದೆಂದರೆ ಹೇಗೆ? ಅಜ್ಜನನ್ನು ಬಿಟ್ಟು ಹೋಗುವುದಾದರೂ ಹೇಗೆ? ಅದನ್ನು ಬಗೆಹರಿಸಿದವರೂ ಮೇಷ್ಟರೇ. ಗೃಹಿಣಿಯರೊಡನೆ ಮಕ್ಕಳನ್ನು ಮೇಲಕ್ಕೆ ಕಳುಹಿಸುತ್ತ, “ಮಹಿಷಾಸುರನ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವುದು ಹೇಗೂ ಇದ್ದದ್ದೇ. ತಾಯಿಯ ದರ್ಶನವಾದ ಮೇಲೆ ಮಹಾಬಲೇಶ್ವರನ ಗುಡಿಯನ್ನು ನೋಡಿ ಬನ್ನಿ. ಬಂದು ನಮಗೆ ವರದಿ ಒಪ್ಪಿಸಬೇಕು,” ಎಂದರು.

ಅವರು ಹಾಗೆ ಹೇಳಿದುದಕ್ಕೆ ಕಾರಣವಿತ್ತು. ಈ ಬೆಟ್ಟದ ಹಿಂದಿನ ಹೆಸರು ಮಹಾಬಲಾದ್ರಿ. ಚಾಮುಂಡೇಶ್ವರಿಯ ದೇಗುಲಕ್ಕಿಂತ ಮಹಾಬಲೇಶ್ವರನ ಗುಡಿ ಪ್ರಾಚೀನವಾದುದು; ಹೊಯ್ಸಳ ವಿಷ್ಣುವರ್ಧನನು 1128ರಲ್ಲಿ ಇಲ್ಲಿಗೆ ದತ್ತಿ ಬಿಟ್ಟ ಉಲ್ಲೇಖ ದೊರೆಯುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ ಎತ್ತರದ ಗೋಪುರ ಎಲ್ಲರ ಕಣ್ಣನ್ನೂ ಸೆಳೆಯುತ್ತದೆ. ಬೆಟ್ಟಕ್ಕೆ ಮೊದಲು ಹೆಸರಿತ್ತ ಆ ತಗ್ಗಾದ ಗುಡಿಯ ಕಡೆಗೆ ತಿರುಗುವವರು ಕೆಲವರೇ.

ಹಿರಿಯರು ನಾವು ನಂದಿಯ ಮುಂದೆ ಕುಳಿತೆವು. ತುದಿ ಮುಟ್ಟದ ಯಾತ್ರೆ ಅಪೂರ್ಣವೇ ಎಂಬ ಜಿಜ್ಞಾಸೆ ಹುಟ್ಟಿತು. ಉತ್ತರ ಎದುರಿಗೇ ಇತ್ತು. ಈ ನಂದಿಯನ್ನು ಬೇರೆಡೆ ಕಡೆದು ತಂದು ನಿಲ್ಲಿಸಲಿಲ್ಲ. ಬೆಟ್ಟದ ಬಂಡೆಯನ್ನೇ ಇದ್ದಲ್ಲಿ ಕಂಡರಿಸಿದರು. ಬಂಡೆ ತುದಿಯಲ್ಲಿಲ್ಲವಲ್ಲ ಎಂದು ಶಿಲ್ಪಿ ಅದನ್ನು ಬಿಡಲಿಲ್ಲ. ಅದು ಇದ್ದ ಸ್ಥಳವೇ ಪೂಜೆಯ ಸ್ಥಳವಾಯಿತು. ಅಂತೆಯೇ ಒಬ್ಬನ ಶಕ್ತಿ ಎಲ್ಲಿಯವರೆಗೆ ಕರೆದೊಯ್ಯುವುದೋ ಅಲ್ಲಿಯವರೆಗಿನ ನಡಿಗೆಯೇ ಅವನ ಪೂರ್ಣಯಾತ್ರೆ.

ಒಂದೂವರೆ ಗಂಟೆಯ ಮೇಲೆ ಮಕ್ಕಳು ಓಡಿ ಬಂದು ಗುಡಿಯ ವರದಿಯನ್ನು ಒಪ್ಪಿಸಿದರು. “ಅಲ್ಲಿ ಗದ್ದಲವೇ ಇರಲಿಲ್ಲ ತಾತ, ಕಂಬಕ್ಕೆ ಒರಗಿ ಸುಮ್ಮನೆ ಕೂತಿದ್ದೆವು,” ಎಂದಳು ಕಿರಿಯಳು. ಮನೆಯಿಂದ ತಂದಿದ್ದ ಅವಲಕ್ಕಿಯನ್ನೂ ಬಾಳೆಯಹಣ್ಣನ್ನೂ ಹಂಚಿಕೊಂಡು ತಿಂದೆವು. ನಂದಿಯವರೆಗೆ ವಾಹನದ ದಾರಿ ಇರುವುದರಿಂದ ಮೇಷ್ಟರು ಅಲ್ಲಿಂದ ಕಾರಿನಲ್ಲಿ ಇಳಿದರು.

ಈ ಬೆಟ್ಟಕ್ಕೆ ನಾವು ಸಲ್ಲಿಸಬೇಕಾದ ಋಣವೂ ಒಂದಿದೆ. 2021ರ ಅಕ್ಟೋಬರಿನಲ್ಲಿ ಸುರಿದ ಭಾರಿ ಮಳೆಗೆ ನಂದಿಯ ಕಡೆಯ ಮೋಟಾರು ರಸ್ತೆ ಕುಸಿದುದನ್ನು ಓದುಗರು ಬಲ್ಲರು. ಬೆಟ್ಟ ಹೊರುವ ಭಾರಕ್ಕೆ ಮಿತಿಯುಂಟು. ಕೈಕಾಲು ಗಟ್ಟಿಯಿರುವವರು ಮೆಟ್ಟಿಲ ದಾರಿಯಲ್ಲಿ ನಡೆದರೆ ಬೆಟ್ಟಕ್ಕೂ ಹಗುರ, ಶರೀರಕ್ಕೂ ಹಿತ. ಬಿಸಿಲೇರುವ ಮುನ್ನ ಹೊರಡಿರಿ, ನೀರು ಜೊತೆಗಿರಲಿ, ಕೊಂಡೊಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿರಿ, ಕೋತಿಗಳಿಗೆ ತಿಂಡಿ ತೋರಿಸದಿರಿ. ಇಳಿಯುವಾಗ ಮಂಡಿಗೆ ಭಾರ ಹೆಚ್ಚು. ವಯಸ್ಸಾದವರು ಕೋಲು ಹಿಡಿದು ಇಳಿಯಲಿ. ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಹತ್ತಬಾರದು.

ಪ್ರತಿಯೊಂದು ಮನೆಯಲ್ಲಿಯೂ, “ನೀವು ಹೋಗಿ ಬನ್ನಿ, ನಾನು ಮನೆಯಲ್ಲಿರುತ್ತೇನೆ,” ಎನ್ನುವ ಹಿರಿಯರೊಬ್ಬರು ಇರುತ್ತಾರೆ. ಆ ಮಾತನ್ನು ಅವರ ಇಚ್ಛೆಯೆಂದು ನಂಬಿ ನಾವು ಹೊರಟುಬಿಡುತ್ತೇವೆ. ಅನೇಕ ವೇಳೆ ಅದು ಇಚ್ಛೆಯಲ್ಲ, ಹೊರೆಯಾಗಬಾರದೆಂಬ ಅಂಜಿಕೆ. ಮತ್ತೊಮ್ಮೆ ಕೇಳಿರಿ, ಅವರು ನಡೆಯಬಲ್ಲಷ್ಟು ದೂರದ ದಾರಿಯನ್ನು ಆರಿಸಿರಿ, ಅವರನ್ನು ಮುಂದಿಟ್ಟುಕೊಂಡು ನಡೆಯಿರಿ. ಕೊನೆಯವರಿಗಾಗಿ ಕಾಯುವ ಪಂಕ್ತಿಯಲ್ಲಿ ಯಾರೂ ಹಸಿದು ಏಳುವುದಿಲ್ಲ.