ಮೋಟ್ರಿಗಿಂತ ಮೊದಲು ನೀರು ನೋಡಬೇಕು

10 ಏಪ್ರಿಲ್ 2024, ರಾಯಚೂರು

ಯುಗಾದಿ ಮುಗಿದ ಮರುದಿನವೇ ಮೇಲಿನ ಟ್ಯಾಂಕ್ ಖಾಲಿ. ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರೆ ಆಂಪಿಯರ್ ಮುಳ್ಳು ಮೇಲಕ್ಕೆ ಹಾರುತ್ತದೆ, ಕ್ಷಣದಲ್ಲಿ ಟ್ರಿಪ್. ಪಕ್ಕದ ಮನೆಯವರು ನೋಡಿ, "ಮೋಟ್ರು ಸುಟ್ಟೈತ್ರಿ, ಎತ್ತಸ್ರಿ" ಅಂದರು. ಎತ್ತಿಸುವುದೆಂದರೆ ಪೈಪು, ಕೇಬಲ್ಲು, ಹಗ್ಗ ಎಲ್ಲವನ್ನೂ ಬೋರಿನಿಂದ ಹೊರಗೆ ತೆಗೆಯುವುದು, ಅದರ ಕೂಲಿಯೂ ಸಣ್ಣದಲ್ಲ. ಬಂದ ಮಿಸ್ತ್ರಿ ಮೇನ್ ಆಫ್ ಮಾಡಿ, ಮೊದಲು ಪೆಟ್ಟಿಗೆ ಬಿಚ್ಚಿದ. ಕೆಪಾಸಿಟರ್ ಉಬ್ಬಿತ್ತು. ಸಿಂಗಲ್ ಫೇಸ್ ಮೋಟ್ರು ತಾನಾಗಿ ತಿರುಗಲು ಶುರುಮಾಡಲಾರದು, ಕೆಪಾಸಿಟರ್ ಕೊಡುವ ಮೊದಲ ನೂಕು ಬೇಕು. ಹೊಸದು ಹಾಕಿದ ಕೂಡಲೇ ನೀರು ಬಂತು.

ಸಂಜೆ ಇಳಿಯುವ ವೋಲ್ಟೇಜೂ ಮೋಟ್ರಿಗೆ ಹಗೆ. 230ರ ಬದಲು 180 ಬಂದರೆ ಸ್ಟಾರ್ಟ್ ಆಗುವಾಗಿನ ಬಲ ನೂರಕ್ಕೆ ಅರವತ್ತರಷ್ಟಕ್ಕೆ ಇಳಿಯುತ್ತದೆ. ತಿರುಗಲಾರದ ಮೋಟ್ರು ಹೆಚ್ಚು ಕರೆಂಟ್ ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಇನ್ನು ಬೆಳಗಿನ ಹೊತ್ತಿನಲ್ಲೇ ಟ್ಯಾಂಕ್ ತುಂಬಿಸುವುದು.

21 ಏಪ್ರಿಲ್, ಮಾನ್ವಿ

ಚಿಕ್ಕಮ್ಮನ ಮನೆಯ ಬಾವಿ ತೆರೆದದ್ದು, ಮೋನೋಬ್ಲಾಕ್ ಪಂಪು ದಂಡೆಯ ಮೇಲಿದೆ. ಮೋಟ್ರು ಚೆನ್ನಾಗಿ ತಿರುಗುತ್ತದೆ, ನೀರು ಮಾತ್ರ ಏರುವುದಿಲ್ಲ. "ಜಾಸ್ತಿ ಎಚ್‌ಪಿದು ತರಬೇಕೇನೋ" ಎಂದು ಆಕೆಯ ಚಿಂತೆ.

ಹಗ್ಗ ಇಳಿಬಿಟ್ಟು ಅಳೆದೆವು. ನೀರು ಮೂವತ್ತು ಅಡಿಗೂ ಕೆಳಗೆ ಹೋಗಿದೆ. ಉತ್ತರ ಅಲ್ಲೇ ಇತ್ತು. ಪಂಪು ನೀರನ್ನು ಜಗ್ಗುವುದಿಲ್ಲ. ಅದು ಪೈಪಿನೊಳಗಿನ ಒತ್ತಡ ಇಳಿಸುತ್ತದೆ, ಬಾವಿಯ ನೀರನ್ನು ಮೇಲಕ್ಕೆ ನೂಕುವುದು ಹೊರಗಿನ ಗಾಳಿಯ ಭಾರ. ಆ ಭಾರ ಸಮುದ್ರಮಟ್ಟದಲ್ಲೇ ಎತ್ತಬಲ್ಲದ್ದು 10.3 ಮೀಟರ್, ಬಳಕೆಯಲ್ಲಿ ಆರೇಳು ಮೀಟರಿಗೇ ಕೈಸೋಲುತ್ತದೆ. ಹೀರುವ ಪಂಪಿಗೆ ಒಂದು ಮಿತಿ ಇದೆಯೆಂದು ಗೆಲಿಲಿಯೋ 1638ರ ಪುಸ್ತಕದಲ್ಲೇ ಬರೆದಿದ್ದ. ಅದು ಗಾಳಿಯ ಭಾರದಿಂದ ಎಂದು ತೋರಿಸಿದವನು ಅವನ ಶಿಷ್ಯ ಟೊರಿಚೆಲ್ಲಿ. ಎಷ್ಟು ಎಚ್‌ಪಿ ಕೂಡಿಸಿದರೂ ಗಾಳಿಯ ಭಾರ ಹೆಚ್ಚುವುದಿಲ್ಲವಲ್ಲ! ಬಾವಿಯೊಳಗಿನ ಕಟ್ಟೆಗೆ ಪಂಪನ್ನು ಇಳಿಸುವುದೇ ದಾರಿ.

ದಿನಾ ಬೆಳಿಗ್ಗೆ ಕೊಡದಿಂದ ನೀರು ಹೊಯ್ದು ಪ್ರೈಮ್ ಮಾಡಬೇಕಾಗುತ್ತದೆ ಎಂಬುದು ಬೇರೆ ರೋಗ. ಪೈಪು ತುಂಬಿಸಿ ಕಾದೆವು, ಮಟ್ಟ ತಾನಾಗಿ ಇಳಿಯಿತು. ಅಂದರೆ ತುದಿಯ ಫುಟ್‌ವಾಲ್ವ್ ಮುಚ್ಚುತ್ತಿಲ್ಲ. ಬಿಚ್ಚಿ ನೋಡಿದರೆ ವಾಷರಿನಡಿ ಮರಳು ಸಿಕ್ಕಿತ್ತು.

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರಿದ್ದಾಗ ಸುತ್ತಲ ಬಾವಿಗಳಿಗೂ ಜಿನುಗು ಬರುತ್ತದೆ. ಈ ಸಲ ಬರ. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಸಾರಿದೆ.

8 ಮೇ, ದೇವದುರ್ಗ

ನಿನ್ನೆ ಲೋಕಸಭಾ ಚುನಾವಣೆಯ ಮತದಾನ. ಇವತ್ತು ತಂಗಿಯ ಮನೆಗೆ ಬಂದೆ. ಇಲ್ಲಿ ಸಬ್‌ಮರ್ಸಿಬಲ್. ಇದು ನೀರಿನಲ್ಲೇ ಮುಳುಗಿ ಕೆಳಗಿನಿಂದ ನೂಕುವುದರಿಂದ ಗಾಳಿಯ ಮಿತಿ ಇದಕ್ಕಿಲ್ಲ. ಒಂದರ ಮೇಲೊಂದು ಕೂತ ಇಂಪೆಲ್ಲರುಗಳಲ್ಲಿ ಪ್ರತಿಯೊಂದು ಸ್ಟೇಜೂ ಒತ್ತಡ ಕೂಡಿಸುತ್ತ ಹೋಗುತ್ತದೆ.

ಹತ್ತು ನಿಮಿಷ ಧಾರೆ, ಆಮೇಲೆ ಬುಸ್‌ಬುಸ್ ಗಾಳಿ. ಅಂಗಡಿಯವರು ದೊಡ್ಡ ಪಂಪು ಹಾಕಿಸಿ ಎಂದರಂತೆ. ನನಗೆ ಸಿಟ್ಟೇ ಬಂತು. ನಮ್ಮ ಕೆಳಗಿರುವುದು ಗಟ್ಟಿ ಬಂಡೆ. ನೀರು ಬರುವುದು ಅದರ ಬಿರುಕುಗಳಿಂದ, ತನ್ನದೇ ಸಾವಕಾಶದಲ್ಲಿ. ದೊಡ್ಡ ಪಂಪು ಬೋರನ್ನು ಇನ್ನೂ ಬೇಗ ಬರಿದು ಮಾಡುತ್ತದೆ. ಸುತ್ತ ಹರಿಯುವ ನೀರೇ ಮೋಟ್ರನ್ನು ತಂಪಾಗಿಡುವುದು. ಅದಿಲ್ಲದೆ ಓಡಿದರೆ ಬೇರಿಂಗು, ವೈಂಡಿಂಗು ಎರಡೂ ಹೋಗುತ್ತವೆ. ಡ್ರೈ ರನ್ ತಡೆಯುವ ಸಾಧನ ಹಾಕಿಸಿ, ಸ್ವಲ್ಪ ಓಡಿಸಿ, ಬೋರು ತುಂಬುವ ತನಕ ಬಿಟ್ಟು ಮತ್ತೆ ಓಡಿಸಲು ಹೇಳಿದೆ. ಸಾಧ್ಯವಾದರೆ ಈಗಿರುವುದಕ್ಕಿಂತ ಸಣ್ಣ ಪಂಪು.

"ಇನ್ನೂ ಆಳ ಕೊರೆಸಿದ್ರೆ?" ಅಂದಳು. ಆಳದ ನೀರಿನಲ್ಲಿ ಫ್ಲೋರೈಡ್ ನಮ್ಮ ಜಿಲ್ಲೆಯ ಹಳೆಯ ಸಂಕಟ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಬಾರದು, ಬೆಳೆಯುವ ಹಲ್ಲು ಕೆಡುತ್ತದೆ; ಮನೆಯಲ್ಲಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿರುವ ಮಗುವಿದೆ. ಈಗಿನ ಬೋರಿನ ನೀರನ್ನೇ ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕೊಡಲು ಒಪ್ಪಿದ್ದಾಳೆ. ಕೊರೆಸುವ ಮಾತು ವರದಿ ಬಂದ ಮೇಲೆ.