ದಾರಿಖರ್ಚು

ಅಗಲಿದವರ ಹೆಸರನ್ನು ಉಳಿಸಬೇಕೆಂದಾಗ ಚಿತ್ರದುರ್ಗದ ಸೀಮೆಯವರಿಗೆ ಮೊದಲು ನೆನಪಾಗುವುದು ಕಲ್ಲು. ಕೋಟೆಯ ಊರಲ್ಲವೇ! ಶಾಲೆಯ ಗೋಡೆಗೊಂದು ಫಲಕ, ದೇವಸ್ಥಾನದ ಅಂಗಳಕ್ಕೊಂದು ಕಲ್ಲುಬೆಂಚು. ಅನುಕೂಲಸ್ಥರಾದರೆ ಕಾಲೇಜಿಗೊಂದು ಚಿನ್ನದ ಪದಕ. ಪದಕ ಗೆದ್ದವಳ ತಾಯಿ ಅದನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿಟ್ಟು ಬೀಗ ಹಾಕುತ್ತಾಳೆ. ದಾನಿಯ ಕೀರ್ತಿಯೂ ಅಲ್ಲಿಗೆ ಕತ್ತಲೆಗೆ ಸಂದಂತೆಯೇ.

ಸತ್ತವರ ಹೆಸರಿನಲ್ಲಿ ದಾರಿಖರ್ಚು ಕೊಡುವ ಪದ್ಧತಿ ಮಾತ್ರ ಇಲ್ಲಿ ಅಷ್ಟಾಗಿ ಬೇರೂರಿಲ್ಲ. ದೃಷ್ಟಿವಿಜ್ಞಾನಿಗಳಲ್ಲಿ ಅದುಂಟು. ಕಣ್ಣು ಕಾಣುವುದು ಹೇಗೆ, ಕಂಡದ್ದನ್ನು ಮಿದುಳು ಅರಿಯುವುದು ಹೇಗೆ ಎಂದು ಹುಡುಕುವ ಈ ಮಂದಿ, ತೀರಿಹೋದ ಸಹೋದ್ಯೋಗಿಯ ಹೆಸರಿನಲ್ಲಿ ನಿಧಿ ಕೂಡಿಸಿ ಕಿರಿಯ ಸಂಶೋಧಕರನ್ನು ದೂರದ ಸಮ್ಮೇಳನಕ್ಕೆ ಕಳುಹಿಸುವುದುಂಟು. ಟಿಕೆಟ್ಟು ಹರಿದರೆ ಸ್ಮಾರಕವೂ ಹರಿಯಿತು!

ಅದರ ಬೆಲೆ ತಿಳಿಯಲು ಹೊಳಲ್ಕೆರೆಯ ಅಡಿಕೆ ಬೆಳೆಗಾರನ ಮಗಳೊಬ್ಬಳನ್ನು ಕಲ್ಪಿಸಿಕೊಂಡರೆ ಸಾಕು. ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಮೂರು ವರ್ಷ ದುಡಿದು ಬರೆದ ಪ್ರಬಂಧ ಒಪ್ಪಿಗೆಯಾಗಿದೆ. ಸಮ್ಮೇಳನ ಸೇರುವುದು ಮೇ ತಿಂಗಳಲ್ಲಿ, ಅಮೆರಿಕದ ಫ್ಲಾರಿಡಾ ಕಡಲತೀರದಲ್ಲಿ. 'ದಯಮಾಡಿಸಿ' ಎಂದು ಪತ್ರ ಬಂದಿದೆ; ಹೇಗೆ ದಯಮಾಡಿಸಬೇಕೆಂಬುದು ಅದರಲ್ಲಿಲ್ಲ. ವಿಮಾನದ ದರ, ವೀಸಾ, ಪ್ರತಿನಿಧಿ ಶುಲ್ಕ, ಕೋಣೆಯ ಬಾಡಿಗೆ—ಸಂಶೋಧನಾ ವೇತನ ಯಾವ ಮೂಲೆಗೆ?

"ಅಡಿಕೆ ದುಡ್ಡು ಐತೆ, ತಗಳವ್ವ" ಎನ್ನುತ್ತಾನೆ ತಂದೆ. ಅದು ತಂಗಿಯ ಮದುವೆಗೆಂದು ಕೂಡಿಟ್ಟದ್ದೆಂದು ಅವಳು ಬಲ್ಲಳು. ಬರಲಾಗದೆಂದು ಉತ್ತರ ಬರೆಯತೊಡಗುತ್ತಾಳೆ.

ಕುಳಿತಲ್ಲಿಯೇ ಎಲ್ಲವನ್ನೂ ಓದಬಹುದಾದ ಈ ಕಾಲದಲ್ಲಿ ಹೋಗದಿದ್ದರೆ ಮುಳುಗಿದ್ದೇನು ಎನ್ನುವವರಿದ್ದಾರೆ. ಅಂಥವರು ಸರ್ ಸಿ. ವಿ. ರಾಮನ್ನರ 1921ರ ಪ್ರಯಾಣವನ್ನು ನೆನೆಯಬೇಕು. ಆಗ ಅವರಿಗೆ 32 ವರ್ಷ. ಆಕ್ಸ್‌ಫರ್ಡಿನಲ್ಲಿ ಸೇರಿದ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕೆ ಕಲ್ಕತ್ತೆಯ ಪ್ರತಿನಿಧಿಯಾಗಿ ಹೋಗಿದ್ದರು. ಅಲ್ಲಿಯ ಭಾಷಣಗಳನ್ನು ಇಂದು ಯಾರು ನೆನೆಯುತ್ತಾರೆ? ಹಿಂದಿರುಗುವಾಗ ನರ್ಕುಂಡ ಹಡಗಿನ ಮೇಲಿಂದ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡರು. ಕಡಲಿನ ನೀಲಿ ಆಕಾಶದ ಪ್ರತಿಬಿಂಬವೆಂದು ಲಾರ್ಡ್ ರೇಲಿಯಂಥವರೇ ಹೇಳಿದ್ದರು. ರಾಮನ್ನರು ತಮ್ಮ ಬಳಿಯಿದ್ದ ನಿಕೋಲ್ ಪಟ್ಟಕದಿಂದ ನೀರಿನ ಮೇಲಣ ಪ್ರತಿಫಲನವನ್ನು ಅಡಗಿಸಿ ನೋಡಿದರು. ನೀಲಿ ಮಾಸಲಿಲ್ಲ! ಬೆಳಕನ್ನು ಚೆದುರಿಸುವುದು ನೀರಿನ ಅಣುಗಳೇ ಎಂಬ ಆ ವಿಚಾರದ ಎಳೆ 1928ರ ಶೋಧದವರೆಗೂ, 1930ರ ನೊಬೆಲ್ ಬಹುಮಾನದವರೆಗೂ ಸಾಗಿತು. ಅದೇ ರಾಮನ್ನರು ಮುಪ್ಪಿನಲ್ಲಿ, ಬೆಂಗಳೂರಿನಲ್ಲಿ ಕುಳಿತು, ದೃಷ್ಟಿಯನ್ನು ಕುರಿತೇ ಒಂದು ಗ್ರಂಥ ಬರೆದರು. ಅದು 1968ರಲ್ಲಿ ಹೊರಬಂದಿತು.

ಬೆಂಗಳೂರಿನಲ್ಲಿಯೇ ಓದಿದ ಎಂ. ವಿ. ಶ್ರೀನಿವಾಸನ್ನರು ಆಸ್ಟ್ರೇಲಿಯದಲ್ಲಿ ಜೇನುನೊಣದ ದೃಷ್ಟಿಯನ್ನು ಪರೀಕ್ಷಿಸಿದರು. ಹಾರಿದ ದೂರವನ್ನು ಜೇನು ಅಳೆಯುವುದು ಕಣ್ಣೆದುರು ಸರಿದ ನೋಟದಿಂದ. ಚಿತ್ತಾರದ ಗೋಡೆಗಳ ಇಕ್ಕಟ್ಟಾದ ಸುರಂಗದಲ್ಲಿ ಕೆಲವೇ ಮೀಟರು ಹಾರಿದ ಜೇನು, ಬಹುದೂರ ಹೋಗಿಬಂದೆನೆಂದು ಗೂಡಿನಲ್ಲಿ ಕುಣಿದು ತೋರಿಸುತ್ತದೆ. ಹೊಸದುರ್ಗದಿಂದ ದುರ್ಗಕ್ಕೆ ಹೋಗಿಬಂದು ಕಾಶಿಯಾತ್ರೆಯಷ್ಟು ಸುದ್ದಿ ಹೇಳುವ ಅಜ್ಜಿಯರನ್ನು ಬಲ್ಲವರಿಗೆ ಇದು ಅಚ್ಚರಿಯೆನಿಸದು.

ಹೊಳಲ್ಕೆರೆಯ ಹುಡುಗಿ ಉತ್ತರವನ್ನು ಮುಗಿಸುವ ಮೊದಲೇ ಇನ್ನೊಂದು ಪತ್ರ ಬರುತ್ತದೆ: ದಾರಿಖರ್ಚು ಮಂಜೂರಾಗಿದೆ, ದಿವಂಗತರೊಬ್ಬರ ಹೆಸರಿನಲ್ಲಿ.

"ಯಾರವ್ವ ಆ ಪುಣ್ಯಾತ್ಮ?" ಎಂದು ತಂದೆ ಕೇಳುತ್ತಾನೆ.

ಅವಳಿಗೂ ತಿಳಿಯದು. ಬೆಂಗಳೂರಿನ ಬಸ್ಸು ದುರ್ಗದ ಗಾಳಿಯಂತ್ರಗಳನ್ನು ಹಿಂದಿಟ್ಟು ಹಿರಿಯೂರಿನತ್ತ ಓಡುವಾಗ, ಆ ಅಪರಿಚಿತರು ಬರೆದ ಹಳೆಯ ಪ್ರಬಂಧವೊಂದನ್ನು ಕೈಚೀಲದಿಂದ ತೆಗೆದು ಓದಲು ತೊಡಗುತ್ತಾಳೆ.